ಮೂರನೇ ವರ್ಷದ ಪಿಎಚ್‌ಡಿ ವಿದ್ಯಾರ್ಥಿಯನ್ನು ಎಷ್ಟು ಸ್ವತಂತ್ರವಾಗಿ ಬಿಡಬೇಕು? ಅನುಭವ ಹೇಳಿ

ಹೊಸ ಗೈಡ್: ನನ್ನ ಮೊದಲ ವಿದ್ಯಾರ್ಥಿನಿ, ಜಾನಪದ ವಿಷಯ. ಕೋರ್ಸ್‌ವರ್ಕ್ ಸಮಯದಲ್ಲಿ ಪ್ಯಾರಾ ಪ್ಯಾರಾ ತಿದ್ದುತ್ತಿದ್ದೆ. ಈಗ ಅವಳೇ ಓದಿಕೊಂಡು ಬಂದು ನನ್ನ ಜೊತೆ ವಾದಕ್ಕಿಳಿಯುತ್ತಾಳೆ. ವಾರದ ಮೀಟಿಂಗ್ ನಿಲ್ಲಿಸಲಾ?

ತಂಬೂರಿ: ನಮ್ಮ ಗೈಡ್ ಕೊನೆವರೆಗೂ ಹಗ್ಗ ಬಿಡಲಿಲ್ಲ. ನನ್ನ ವಿಷಯ ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರ ಹಾಡು. ವರ್ಷಕ್ಕೊಮ್ಮೆ ಅವರು ಸೇರುವ ಚಿಕ್ಕಲ್ಲೂರು ಜಾತ್ರೆಗೆ ಹೊರಡೋಕೆ ಕ್ಷೇತ್ರಕಾರ್ಯದ ಪತ್ರಕ್ಕೆ ಸಹಿ ಕೇಳಿದರೆ, ‘ಮೊದಲು ಎರಡನೇ ಅಧ್ಯಾಯ ತಾ’ ಅಂದರು. ಅಧ್ಯಾಯ ಕೊಡುವಷ್ಟರಲ್ಲಿ ಜಾತ್ರೆ ಮುಗಿದಿತ್ತು. ರೆಕಾರ್ಡರ್ ಬಾಡಿಗೆಯ ಅಡ್ವಾನ್ಸ್ ಹೋಯಿತು, ಒಂದು ವರ್ಷವೂ ಹೋಯಿತು. ಮುಂದಿನ ಸಲ ಹೋದಾಗ ನಾನು ನಂಬಿಕೊಂಡಿದ್ದ ಹಿರಿಯ ಹಾಡುಗಾರರೇ ಇರಲಿಲ್ಲ.

ಪಿಜಿ ರೂಮ್ 12: ನಿಮಗೆ ಗೈಡ್ ಜಾಸ್ತಿಯಾದರು, ನನಗೆ ಸಿಗಲೇ ಇಲ್ಲ. ‘ನೀನೀಗ ಸ್ವತಂತ್ರ ಸಂಶೋಧಕಿ’ ಅಂದರು, ಕೇಳೋಕೆ ಚೆಂದ. ಅಧ್ಯಾಯ ಕಳಿಸಿದರೆ ವಾಟ್ಸಾಪ್‌ನಲ್ಲಿ ಹೆಬ್ಬೆಟ್ಟು. ಕೊಲೋಕ್ವಿಯಂನಲ್ಲಿ, ಅಂದರೆ ಸಂಶೋಧನೆಯನ್ನು ಎಲ್ಲರ ಮುಂದೆ ಮಂಡಿಸುವ ಸಭೆಯಲ್ಲಿ, ಹೊರಗಿನವರು ‘ಸಂಶೋಧನಾ ಪ್ರಶ್ನೆಯೇ ಸ್ಪಷ್ಟವಿಲ್ಲ’ ಅಂದಾಗ ಇವರೂ ತಲೆಯಾಡಿಸಿದರು! ಎರಡು ಅಧ್ಯಾಯ ಹೊಸದಾಗಿ ಬರೆದೆ. ಫೆಲೋಶಿಪ್ 5 ವರ್ಷಕ್ಕೇ ನಿಲ್ಲುತ್ತದೆ. ತಿಂಗಳಿಗೆ 42,000 ಬರುತ್ತಿದ್ದದ್ದು ಸೊನ್ನೆ. 6 ವರ್ಷ ದಾಟಿ ಮರುನೋಂದಣಿ, ಅದರ ಶುಲ್ಕ ಬೇರೆ. ಬಾಡಿಗೆ ಅಣ್ಣ ಕಟ್ಟಿದ. ಅತ್ತಿಗೆ ಇವತ್ತಿಗೂ ಆಡಿ ತೋರಿಸುತ್ತಾರೆ.

ಗೈಡೂ ಮನುಷ್ಯನೇ: ನನ್ನ ಹತ್ತಿರ 6 ಜನ ಇದ್ದಾರೆ. ಮೂರನೇ ವರ್ಷದಿಂದ ಮೀಟಿಂಗ್ ಅವರೇ ಕರೆಯಬೇಕು. ಹಿಂದಿನ ದಿನ ಒಂದು ಪುಟ ಬರಬೇಕು: ಏನು ತೀರ್ಮಾನ ಮಾಡಿದೆ, ಎಲ್ಲಿ ಸಿಕ್ಕಿಕೊಂಡೆ. ವಾಕ್ಯ ತಿದ್ದಲ್ಲ, ವಾದ ಮಾತ್ರ ನೋಡುತ್ತೇನೆ. ಸಿನಾಪ್ಸಿಸ್ (ಪ್ರಬಂಧದ ಸಾರಾಂಶ) ಕೊಡುವ ಸಮಯ ಹತ್ತಿರ ಬಂದರೆ ಮತ್ತೆ ಬಿಗಿ. ಪೂರ್ತಿ ಬಿಟ್ಟಿದ್ದು ಒಬ್ಬನನ್ನೇ. ಅವನು ದುಡ್ಡು ಕೊಟ್ಟು ಯಾವುದೋ ಜರ್ನಲ್‌ನಲ್ಲಿ ಲೇಖನ ಹಾಕಿಸಿದ, ಕೇಳದೆ ನನ್ನ ಹೆಸರೂ ಸೇರಿಸಿ! ಸಲಹಾ ಸಮಿತಿ ಮುಂದೆ ಬೈಸಿಕೊಂಡಿದ್ದು ಯಾರು?

ತಂಬೂರಿ: ಹೆಸರು ಹಾಕಿದ್ದಕ್ಕೆ ಬೇಜಾರಾ ಸರ್? ನಮ್ಮ ಗೈಡ್ ಲೇಖನದಲ್ಲಿ ತಮ್ಮ ಹೆಸರಿಲ್ಲದೆ ಸಹಿಯೇ ಹಾಕುತ್ತಿರಲಿಲ್ಲ. 2022ರ ಯುಜಿಸಿ ನಿಯಮದಲ್ಲಿ ಪಿಎಚ್‌ಡಿಗೆ ಲೇಖನ ಪ್ರಕಟಿಸುವುದು ಕಡ್ಡಾಯವೇ ಇಲ್ಲ.

ಗೈಡೂ ಮನುಷ್ಯನೇ: ಯುಜಿಸಿ ಬಿಟ್ಟರೂ ನಮ್ಮ ವಿವಿ ಬಿಡಲ್ಲ. ಸುಮ್ನೆ ನಿಯಮ ಹೇಳಿಕೊಡಬೇಡಿ.

ಪಿಜಿ ರೂಮ್ 12: ಇಬ್ಬರೂ ಸಾಕು ಮಾಡಿ. ಪ್ರಬಂಧವನ್ನು ‘ನುಡಿ’ ತಂತ್ರಾಂಶದ ಅಕ್ಷರದಿಂದ ಯೂನಿಕೋಡ್‌ಗೆ ಬದಲಿಸುವಾಗ ನನ್ನ ಅರ್ಕಾವತ್ತೆಲ್ಲ ಪಕ್ಕದ ಅಕ್ಷರಕ್ಕೆ ಹಾರಿದ್ದವು. ಯಾವ ಗೈಡ್ ನೋಡಿದರು?

ಗೈಡೂ ಮನುಷ್ಯನೇ: ಅದು ಡಿಟಿಪಿಯವರ ಕೆಲಸ ಕಣಮ್ಮ.

ಅಕ್ಷರ ಜೋಡಣೆ: ಡಿಟಿಪಿಯವನೇ ಮಾತಾಡುತ್ತಿದ್ದೇನೆ. ನೀವು ಪುಟಕ್ಕಿಷ್ಟು ಅಂತ ಕೊಡುವುದು ಟೈಪಿಂಗ್‌ಗೆ. ಕರಡು ತಿದ್ದೋಕೆ ಬೇರೆ ಕೊಡುತ್ತೀರಾ, ಸರ್?