ರೈಡಿಂಗ್ ಮೋವರ್, ಫೆಸ್ಕ್ಯೂ, ಗರಿಕೆ: ನಿಮ್ಮ ಲಾನ್ ಪ್ರಶ್ನೆಗಳಿಗೆ ಉತ್ತರ

ನಮಸ್ಕಾರ. ನಾರ್ತ್ ಕ್ಯಾರೊಲೈನಾದ ರಾಲೀ ಸುತ್ತಮುತ್ತ ಲಾನ್ ನೋಡಿಕೊಳ್ಳುವುದು, ಹುಲ್ಲು ಕತ್ತರಿಸುವ ಮೋವರ್ ರಿಪೇರಿ ಮಾಡುವುದು ನನ್ನ ಕಸುಬು. ಗುಂಪಿನಲ್ಲಿ ಲಾನ್ ಬಗ್ಗೆ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೆ ಒಂದೇ ಕಡೆ ಕೂತು ಉತ್ತರ ಬರೆಯುತ್ತಿದ್ದೇನೆ. ಬ್ರಾಕೆಟ್ ಒಳಗಿರುವುದು ಕೇಳಿದವರ ಊರು. ಇಲ್ಲಿ ಹೇಳುವ ತಿಂಗಳುಗಳೆಲ್ಲ ರಾಲೀ, ಷಾರ್ಲೆಟ್ ಕಡೆಯ ಲೆಕ್ಕ. ನ್ಯೂ ಜೆರ್ಸಿಯ ನೆಂಟರಿಗೆ ಫಾರ್ವರ್ಡ್ ಮಾಡಬೇಡಿ, ಅಲ್ಲಿಯ ಹವೆ ಬೇರೆ.

ಪ್ರಶ್ನೆ (ವೇಕ್ ಫಾರೆಸ್ಟ್): ಸರ್, ಟೌನ್‌ಹೋಮ್ ಬಿಟ್ಟು ಒಂದು ಎಕರೆ ಜಾಗದ ಮನೆಗೆ ಬಂದಿದ್ದೇವೆ. ನಮ್ಮನೆಯವರು ಝೀರೋ ಟರ್ನ್ (ನಿಂತಲ್ಲೇ ತಿರುಗುವ ಮೋವರ್) ತಗೊಳ್ಳೋಣ ಅಂತಿದ್ದಾರೆ. ನನಗೆ ಸಾಮಾನ್ಯ ರೈಡಿಂಗ್ ಮೋವರ್ ಸಾಕು ಅನಿಸುತ್ತೆ. ಯಾವುದು ಸರಿ?

ಉತ್ತರ: ಮೇಡಂ, ಒಂದು ಎಕರೆ ಅಂದರೆ ನಲವತ್ತು ಗುಂಟೆ. ಆದರೆ ಅಷ್ಟೂ ಹುಲ್ಲಲ್ಲ. ಮನೆ, ಡ್ರೈವ್‌ವೇ, ಮರದ ಬುಡ, ಹೂವಿನ ಪಾತಿ ಎಲ್ಲ ಕಳೆದು ಎಷ್ಟು ಉಳಿಯುತ್ತೆ ನೋಡಿ. ಉಳಿದದ್ದು ಹತ್ತು ಗುಂಟೆ ಆದರೆ ತಳ್ಳುವ ಮೋವರ್ ಸಾಕು, ದುಡ್ಡು ಉಳಿಯುತ್ತೆ. ಇಪ್ಪತ್ತು ಗುಂಟೆ ದಾಟಿದರೆ ಕೂತು ಓಡಿಸುವ ಮೋವರ್ ಬೇಕು. 42 ಇಂಚಿನ ಡೆಕ್ (ಬ್ಲೇಡ್ ಇರುವ ಕೆಳಗಿನ ಪೆಟ್ಟಿಗೆ) ಇದ್ದರೆ ಒಂದು ಎಕರೆಗೆ ಸುಮಾರು ಒಂದು ಗಂಟೆ ಹಿಡಿಯುತ್ತೆ. ಮರಗಳು ಜಾಸ್ತಿ ಇದ್ದರೆ ಇನ್ನೂ ಸ್ವಲ್ಪ.

ಕೊಳ್ಳುವ ಮೊದಲು ಟೇಪ್ ಹಿಡಿದು ಹಿತ್ತಲಿನ ಗೇಟ್ ಅಳೆಯಿರಿ. 48 ಇಂಚಿನ ಮೋವರ್ ತಂದು ಗೇಟ್ ಒಳಗೆ ಹೋಗದೆ ಬೇಲಿ ಬಿಚ್ಚಿಸಿದವರು ನಮ್ಮ ಗುಂಪಿನಲ್ಲೇ ಇದ್ದಾರೆ, ಹೆಸರು ಹೇಳಲ್ಲ.

ಝೀರೋ ಟರ್ನ್ ಬೇಗ ಓಡುತ್ತೆ, ಮರದ ಸುತ್ತ ಚೆನ್ನಾಗಿ ತಿರುಗುತ್ತೆ. ಜಾಗ ಸಮತಟ್ಟಾಗಿದ್ದರೆ ಅದೇ ತಗೊಳ್ಳಿ, ನಿಮ್ಮೆಜಮಾನರ ಮಾತು ಸರಿ. ಆದರೆ ಅದರ ಮುಂದಿನ ಚಕ್ರಗಳು ಕುರ್ಚಿಯ ಗಾಲಿ ತರಹ ಸುಮ್ನೆ ತಿರುಗುವಂಥವು. ಸ್ಟಿಯರಿಂಗೂ ಬ್ರೇಕೂ ಹಿಂದಿನ ಎರಡು ಚಕ್ರದ ಕೈಯಲ್ಲೇ. ಇಳಿಜಾರಿನಲ್ಲಿ ಹಿಂದಿನ ಚಕ್ರ ಜಾರಿತು ಅಂದರೆ ಮೋವರ್ ನಿಮ್ಮ ಮಾತು ಕೇಳಲ್ಲ.

ಅದೇ ಸದಸ್ಯೆ: ಹಿಂದೆ ಸಣ್ಣ ಕೊಳದ ಕಡೆಗೆ ಇಳಿಜಾರಿದೆ ಸರ್. ತುಂಬಾ ಕಡಿದಲ್ಲ ಅನಿಸುತ್ತೆ.

ಉತ್ತರ: ಹಾಗಾದರೆ ಝೀರೋ ಟರ್ನ್ ಬೇಡ. "ಅನಿಸುತ್ತೆ" ಅಂತ ಬಿಡಬೇಡಿ, ಅಳೆದು ನೋಡಿ. ಹತ್ತು ಅಡಿ ಉದ್ದದ ನೇರ ಹಲಗೆಯ ಒಂದು ತುದಿ ಮೇಲಿನ ನೆಲಕ್ಕೆ ತಾಗಿಸಿ, ಮಟ್ಟಗೋಲು ಇಟ್ಟು ಸಮ ಮಾಡಿ. ಇನ್ನೊಂದು ತುದಿಯಿಂದ ನೆಲಕ್ಕೆ ಎರಡೂಮುಕ್ಕಾಲು ಅಡಿ ಇದ್ದರೆ ಅದು ಹೆಚ್ಚುಕಡಿಮೆ 15 ಡಿಗ್ರಿ. ಹೆಚ್ಚಿನ ಮೋವರ್ ಮ್ಯಾನುಯಲ್‌ಗಳು ಅದಕ್ಕಿಂತ ಕಡಿದಾದ ಕಡೆ ಓಡಿಸಬೇಡಿ ಅನ್ನುತ್ತವೆ. ಕೆಲವು 10 ಡಿಗ್ರಿಗೇ ನಿಲ್ಲಿಸಿ ಅನ್ನುತ್ತವೆ. ನಿಮ್ಮ ಮೋವರ್‌ನ ಪುಸ್ತಕ ಏನು ಹೇಳುತ್ತೋ ಅದೇ ಕೊನೆ ಮಾತು.

ಅಷ್ಟರೊಳಗೆ ಇದ್ದರೂ ಕೂತು ಓಡಿಸುವ ಮೋವರ್ ಅನ್ನು ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓಡಿಸಬೇಕು. ಅಡ್ಡಡ್ಡ ಓಡಿಸಿದರೆ ಪಕ್ಕಕ್ಕೆ ಮಗುಚುತ್ತೆ. ತಳ್ಳುವ ಮೋವರ್‌ಗೆ ಇದು ಉಲ್ಟಾ, ಅಡ್ಡ ತಳ್ಳಬೇಕು, ಇಲ್ಲದಿದ್ದರೆ ಕಾಲು ಜಾರಿ ಬ್ಲೇಡ್ ಕೆಳಗೆ ಹೋಗುತ್ತೆ. ಇಳಿಜಾರಿನ ಮಧ್ಯೆ ತಿರುಗಿಸಬೇಡಿ. ಹತ್ತುವಾಗ ಚಕ್ರ ಜಾರಿದರೆ ಬ್ಲೇಡ್ ಆಫ್ ಮಾಡಿ, ನಿಧಾನವಾಗಿ ನೇರ ಕೆಳಕ್ಕೆ ಇಳಿಸಿ. ಒದ್ದೆ ಹುಲ್ಲಿನ ಮೇಲೆ ಹೋಗಲೇಬೇಡಿ. ಕೊಳದ ಅಂಚಿನ ಒಂದಷ್ಟು ಅಡಿ ಹುಲ್ಲನ್ನು ಮೋವರ್‌ಗೆ ಬಿಡದೆ ಕೈಯಲ್ಲಿ ಹಿಡಿಯುವ ಸ್ಟ್ರಿಂಗ್ ಟ್ರಿಮ್ಮರ್‌ನಲ್ಲಿ ಹೊಡೆಯಿರಿ.

ಪ್ರಶ್ನೆ (ಅಪೆಕ್ಸ್): ಅಣ್ಣಾ, ಏಪ್ರಿಲ್‌ನಲ್ಲಿ ನಮ್ಮ ಲಾನ್ ಬೀದಿಗೇ ಚೆನ್ನಾಗಿತ್ತು. ಜುಲೈ ಬಂದ ಹಾಗೆ ಅಲ್ಲಲ್ಲಿ ದುಂಡಗೆ ಕಂದು ಬಣ್ಣ. ಮೇ ತಿಂಗಳಲ್ಲಿ ಒಳ್ಳೇ ಗೊಬ್ಬರ ಹಾಕಿದ್ದೆ. ದಿನಾ ರಾತ್ರಿ ಸ್ಪ್ರಿಂಕ್ಲರ್ ಬಿಡ್ತೀನಿ. ಹೆಚ್‌ಓಎ (ಬಡಾವಣೆಯ ಮನೆಮಾಲೀಕರ ಸಂಘ) ಕಡೆಯಿಂದ ಪತ್ರ ಬೇರೆ ಬಂತು. ಏನು ಹಾಕಲಿ?

ಉತ್ತರ: ಏನೂ ಹಾಕಬೇಡಿ ತಮ್ಮಾ. ಹಾಕಿದ್ದೇ ಜಾಸ್ತಿಯಾಗಿದೆ.

ನಿಮ್ಮದು ಟಾಲ್ ಫೆಸ್ಕ್ಯೂ ಇರಬೇಕು. ಇಲ್ಲಿಯ ಹೆಚ್ಚಿನ ಮನೆಗಳಲ್ಲಿ ಅದೇ. ಅದು ತಂಪು ಹವೆಯ ಹುಲ್ಲು. ಬೆಳೆಯುವ ಕಾಲ ಸೆಪ್ಟೆಂಬರ್‌ನಿಂದ ನವೆಂಬರ್, ಆಮೇಲೆ ಫೆಬ್ರವರಿಯಿಂದ ಮೇ. ಜೂನ್, ಜುಲೈ, ಆಗಸ್ಟ್ ಅದು ಜೀವ ಹಿಡಿದುಕೊಂಡು ಇರುತ್ತೆ ಅಷ್ಟೆ. ಇಂಥ ಹುಲ್ಲಿಗೆ ಮೇ ತಿಂಗಳಲ್ಲಿ ನೈಟ್ರೋಜನ್ ಕೊಟ್ಟರೆ ಎಳಸಾದ ಎಲೆ ನುಗ್ಗಿ ಬರುತ್ತೆ, ಬೇರು ಇಳಿಯಲ್ಲ. ರಾತ್ರಿಯ ಬಿಸಿ 70 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ನಿಂತು, ಎಲೆ ರಾತ್ರಿಯೆಲ್ಲ ಒದ್ದೆ ಇದ್ದರೆ ಬ್ರೌನ್ ಪ್ಯಾಚ್ ಅನ್ನುವ ಬೂಷ್ಟು ರೋಗ ಹಬ್ಬುತ್ತೆ. ಅದಕ್ಕೆ ಬೇಕಾದ ಊಟ ಗೊಬ್ಬರದಲ್ಲಿ ಸಿಕ್ಕಿತು, ನೀರು ಸ್ಪ್ರಿಂಕ್ಲರ್‌ನಲ್ಲಿ ಸಿಕ್ಕಿತು. ಒಂದು ಎಲೆ ಕಿತ್ತು ನೋಡಿ. ಒಣಹುಲ್ಲಿನ ಬಣ್ಣದ ಮಚ್ಚೆ, ಅದಕ್ಕೆ ಕಂದು ಅಂಚು ಇದ್ದರೆ ಅದೇ ರೋಗ. ಮಚ್ಚೆ ಇಲ್ಲದೆ ಇಡೀ ಎಲೆ ಒಣಗಿದ್ದರೆ ಬರೀ ನೀರಿನ ಬರ.

ಸ್ಪ್ರಿಂಕ್ಲರ್ ಟೈಮರ್ ಅನ್ನು ಬೆಳಗಿನ ಜಾವಕ್ಕೆ ಬದಲಾಯಿಸಿ. ಬಿಸಿಲೇರುವಷ್ಟರಲ್ಲಿ ಎಲೆ ಒಣಗಬೇಕು. ದಿನಾ ಚಿಮುಕಿಸುವುದು ಬಿಟ್ಟು ವಾರಕ್ಕೆ ಒಂದೋ ಎರಡೋ ಸಲ, ಮಳೆಯೂ ಸೇರಿ ಒಟ್ಟು ಒಂದು ಇಂಚು ಆಗುವ ಹಾಗೆ ಕೊಡಿ. ಖಾಲಿ ಟ್ಯೂನಾ ಡಬ್ಬಿಯೋ ಅಳತೆಯ ಲೋಟವೋ ಇಟ್ಟರೆ ಎಷ್ಟು ಬಿತ್ತು ಗೊತ್ತಾಗುತ್ತೆ. ನಮ್ಮ ಕೆಂಪು ಜೇಡಿಮಣ್ಣು ನೀರನ್ನು ನಿಧಾನವಾಗಿ ಕುಡಿಯುತ್ತೆ. ನೀರು ಹರಿದು ರಸ್ತೆಗೆ ಹೋಗುತ್ತಿದ್ದರೆ ಅರ್ಧ ಗಂಟೆ ನಿಲ್ಲಿಸಿ ಮತ್ತೆ ಬಿಡಿ.

ಈಗ ಹೇಳಿ, ಮೋವರ್‌ನ ಎತ್ತರದ ಲಿವರ್ ಎಷ್ಟರಲ್ಲಿಟ್ಟಿದ್ದೀರಿ?

ಅದೇ ಸದಸ್ಯ: ಎರಡೋ ಎರಡೂವರೆಯೋ ಅಣ್ಣಾ. ಕಡಿಮೆ ಇಟ್ಟರೆ ವಾರ ಬಿಟ್ಟು ಕಟ್ ಮಾಡಬಹುದು ಅಂತ.

ಉತ್ತರ: ನಾನು ಅಂದುಕೊಂಡಿದ್ದು ಇದೇ. ಫೆಸ್ಕ್ಯೂ ಮೂರೂವರೆ ಇಂಚಿಗಿಂತ ಕೆಳಗೆ ಹೋಗಬಾರದು. ಬೇಸಿಗೆಯಲ್ಲಿ ನಾಲ್ಕು ಇಟ್ಟರೂ ಒಳ್ಳೆಯದೇ. ಮೇಲೆ ಎಲೆ ಎಷ್ಟಿದೆಯೋ ಕೆಳಗೆ ಬೇರೂ ಅದಕ್ಕೆ ತಕ್ಕಷ್ಟೇ. ಎತ್ತರದ ಹುಲ್ಲು ತನ್ನ ಬುಡಕ್ಕೆ ತಾನೇ ನೆರಳು ಕೊಡುತ್ತೆ, ಕ್ರ್ಯಾಬ್‌ಗ್ರಾಸ್ ಅನ್ನುವ ಕಳೆಯ ಬೀಜಕ್ಕೆ ಬಿಸಿಲು ತಾಗಲು ಬಿಡಲ್ಲ. ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು. ನಾಲ್ಕು ಇಂಚಿಗೆ ಕಟ್ ಮಾಡುವುದಾದರೆ ಆರು ಇಂಚು ಆಗುವ ಮೊದಲೇ ಮೋವರ್ ಹೊರಗೆ ಬರಬೇಕು. ಊರಿಗೆ ಹೋಗಿ ಬಂದು ಹುಲ್ಲು ಮೊಣಕಾಲಿಗೆ ಬಂದಿದ್ದರೆ ಒಂದೇ ಏಟಿಗೆ ಇಳಿಸಬೇಡಿ. ಮೂರು ನಾಲ್ಕು ದಿನ ಬಿಟ್ಟು ಬಿಟ್ಟು ಹಂತ ಹಂತವಾಗಿ ಇಳಿಸಿ.

ನನ್ನನ್ನು ಕೇಳಿದರೆ, ಅಂಗಡಿಯಲ್ಲಿ ಸಿಗುವ ನಾಲ್ಕು ಚೀಲದ ವಾರ್ಷಿಕ ಪ್ಯಾಕ್‌ಗಿಂತ ಆ ಒಂದು ಲಿವರ್ ಲಾನ್‌ಗೆ ಜಾಸ್ತಿ ಉಪಕಾರ ಮಾಡುತ್ತೆ. ಆ ಪ್ಯಾಕ್‌ಗಳ ಕ್ಯಾಲೆಂಡರ್ ಉತ್ತರದ ಚಳಿ ರಾಜ್ಯಗಳಿಗೆ ಹೊಂದಬಹುದು, ನಮಗಲ್ಲ. ಫೆಸ್ಕ್ಯೂಗೆ ಇಲ್ಲಿ ಗೊಬ್ಬರದ ತಿಂಗಳು ಸೆಪ್ಟೆಂಬರ್, ನವೆಂಬರ್, ಫೆಬ್ರವರಿ. ಮಾರ್ಚ್ ಮಧ್ಯ ಆದ ಮೇಲೆ ಚೀಲ ಕಟ್ಟಿಡಿ. ಸೆಪ್ಟೆಂಬರ್‌ನಲ್ಲೂ ನವೆಂಬರ್‌ನಲ್ಲೂ 1000 ಚದರ ಅಡಿಗೆ ಒಂದು ಪೌಂಡ್ ನೈಟ್ರೋಜನ್ ಸಾಕು. ಚೀಲದ ಮೇಲಿನ ಮೊದಲ ಸಂಖ್ಯೆ ನೈಟ್ರೋಜನ್ ಶೇಕಡಾ ಎಷ್ಟು ಅಂತ ಹೇಳುತ್ತೆ. 20 ಇದ್ದರೆ ಐದು ಪೌಂಡ್ ಗೊಬ್ಬರದಲ್ಲಿ ಒಂದು ಪೌಂಡ್ ಸಿಕ್ಕಿತು.

ಹೆಚ್‌ಓಎಗೆ ಒಂದು ಉತ್ತರ ಬರೆಯಿರಿ, ಸೆಪ್ಟೆಂಬರ್‌ನಲ್ಲಿ ಬೀಜ ಹಾಕಿಸುತ್ತೇನೆ ಅಂತ. ಜುಲೈನಲ್ಲಿ ಬೀಜ ಹಾಕಿದರೆ ಹಕ್ಕಿಗಳಿಗೆ ಊಟ.

ಪ್ರಶ್ನೆ (ಷಾರ್ಲೆಟ್): ಸೆಪ್ಟೆಂಬರ್ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳ್ತೀರಾ? ಏರೇಶನ್ (ಮಣ್ಣಿಗೆ ತೂತು ಮಾಡಿ ಗಾಳಿ ಆಡಿಸೋದು) ನಿಜವಾಗಿ ಬೇಕಾ ಅಥವಾ ದುಡ್ಡು ಕೀಳೋದಾ?

ಉತ್ತರ: ಜೇಡಿಮಣ್ಣಿಗೆ ಬೇಕೇ ಬೇಕು ಸರ್. ಆದರೆ ಮಣ್ಣಿನ ತುಂಡು ಕಿತ್ತು ಹೊರಗೆ ಹಾಕುವ ಕೋರ್ ಏರೇಟರ್ ಆಗಿರಬೇಕು. ಬರೀ ಮೊಳೆ ಚುಚ್ಚುವ ಚಪ್ಪಲಿಗಳು ಮಣ್ಣನ್ನು ಇನ್ನೂ ಒತ್ತುತ್ತವೆ. ಹೊರಗೆ ಬಿದ್ದ ತುಂಡುಗಳನ್ನು ಗುಡಿಸಬೇಡಿ, ಮಳೆಗೆ ತಾವೇ ಕರಗುತ್ತವೆ. ಸೆಪ್ಟೆಂಬರ್ ಶುರುವಿನಿಂದ ಅಕ್ಟೋಬರ್ ಮಧ್ಯದ ಒಳಗೆ ಏರೇಟ್ ಮಾಡಿ, ಅದೇ ದಿನ ಬೀಜ ಹಾಕಿ, ಮೊಳಕೆ ಬರುವ ತನಕ ಮೇಲ್ಮಣ್ಣು ಒಣಗದ ಹಾಗೆ ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ನೀರು. ಮೇಲೆ ಅಪೆಕ್ಸ್‌ನವರಿಗೆ ಹೇಳಿದ್ದಕ್ಕೆ ಇದು ವಿರುದ್ಧ ಅನಿಸಬಹುದು. ಬೀಜಕ್ಕೆ ಒಂದು ನಿಯಮ, ಬೇರು ಬಿಟ್ಟ ಹುಲ್ಲಿಗೆ ಇನ್ನೊಂದು.

ಬೀಜದಲ್ಲಿ ಜಿಪುಣತನ ಬೇಡ. ಕಡಿಮೆ ಬೆಲೆಗೆ ದೊಡ್ಡ ಚೀಲದಲ್ಲಿ ಬರುವುದು ಸಾಮಾನ್ಯವಾಗಿ ಕೆಂಟಕಿ 31 ಅನ್ನುವ ಫೆಸ್ಕ್ಯೂ ತಳಿ. ಅದು 1931ರಲ್ಲಿ ಕೆಂಟಕಿಯ ಒಂದು ಗುಡ್ಡದ ಹೊಲದಲ್ಲಿ ಕಣ್ಣಿಗೆ ಬಿದ್ದು, 1943ರಲ್ಲಿ ರೈತರಿಗೆ ಬಿಡುಗಡೆಯಾದ ಮೇವಿನ ಹುಲ್ಲು. ಗಟ್ಟಿ ಜೀವ, ಆದರೆ ಎಲೆ ಅಗಲ, ಬಣ್ಣ ಪೇಲವ. ದನ ಇದ್ದವರಿಗೆ ಒಳ್ಳೆಯದು. ಲಾನ್‌ಗೆ ಹೊಸ ಟರ್ಫ್ ತಳಿಗಳ ಮಿಶ್ರಣ ತಗೊಳ್ಳಿ. ಚೀಲದ ಲೇಬಲ್‌ನಲ್ಲಿ ಕಳೆಬೀಜದ ಶೇಕಡಾ ಎಷ್ಟಿದೆ ಅಂತಲೂ ನೋಡಿ.

ಇದೆಲ್ಲಕ್ಕೂ ಮೊದಲು ಮಣ್ಣು ಪರೀಕ್ಷೆ. ನಮ್ಮ ರಾಜ್ಯದ ಕೃಷಿ ಇಲಾಖೆ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಇದನ್ನು ಪುಕ್ಕಟೆ ಮಾಡಿಕೊಡುತ್ತೆ. ಮಣ್ಣು ಹಾಕಿ ಕೊಡುವ ಡಬ್ಬಿ ನಿಮ್ಮ ಕೌಂಟಿಯ (ಜಿಲ್ಲೆಯ) ಕೃಷಿ ಸಲಹೆಯ ಎಕ್ಸ್‌ಟೆನ್ಶನ್ ಆಫೀಸಿನಲ್ಲಿ ಸಿಗುತ್ತೆ. ಇಲ್ಲಿಯ ಮಣ್ಣು ಹುಳಿ, ಸುಣ್ಣ ಬೇಕಾಗುವುದು ಸಾಮಾನ್ಯ. ಎಷ್ಟು ಅಂತ ರಿಪೋರ್ಟ್ ಹೇಳುತ್ತೆ. ಪಕ್ಕದ ಮನೆಯವರು ಹಾಕಿದರು ಅಂತ ಹಾಕಬೇಡಿ.

ಒಂದು ಮಾತು. ಕ್ರ್ಯಾಬ್‌ಗ್ರಾಸ್ ಮೊಳೆಯದ ಹಾಗೆ ತಡೆಯುವ ಪ್ರೀ-ಎಮರ್ಜೆಂಟ್ ಮದ್ದು ಹುಲ್ಲಿನ ಬೀಜವನ್ನೂ ತಡೆಯುತ್ತೆ. ಅದನ್ನು ಫೋರ್ಸಿಥಿಯಾ ಗಿಡ ಹಳದಿ ಹೂ ಬಿಡುವ ಹೊತ್ತಿಗೆ ಹಾಕುತ್ತಾರೆ, ಅಂದರೆ ಫೆಬ್ರವರಿ ಕೊನೆ, ಮಾರ್ಚ್ ಶುರು. ಆ ಹೊತ್ತಿಗೇ ಬೀಜ ಹಾಕುವ ಆಸೆ ಇರುವ ಜಾಗಕ್ಕೆ ಈ ಮದ್ದು ಹಾಕಬೇಡಿ.

ಪ್ರಶ್ನೆ (ಕ್ಯಾರಿ): ಸರ್, ನಮ್ಮ ಫೆಸ್ಕ್ಯೂ ನಡುವೆ ಬರ್ಮುಡಾ ನುಗ್ಗುತ್ತಿದೆ. ಕೊಲ್ಲಬೇಕು ಅಂತಾರೆ. ಅತ್ತೆ ಊರಿಂದ ಬಂದಿದ್ದಾರೆ, ಅದು ಗರಿಕೆ ಕಣೇ, ಕೀಳಬೇಡ ಅಂತಾರೆ!

ಉತ್ತರ: ಅತ್ತೆ ಹೇಳಿದ್ದು ಸರಿ. ಬರ್ಮುಡಾ ಹುಲ್ಲು ನಮ್ಮ ಗಣಪನ ಗರಿಕೆಯೇ, ಎರಡಕ್ಕೂ ಸಸ್ಯಶಾಸ್ತ್ರದ ಹೆಸರು ಒಂದೇ, ಸೈನೋಡಾನ್ ಡ್ಯಾಕ್ಟಿಲಾನ್. ಇಲ್ಲಿಯ ಗಾಲ್ಫ್ ಮೈದಾನಗಳಲ್ಲಿ ಕಾಣುವುದು ಅದರ ಮಿಶ್ರತಳಿ. ನಿಮ್ಮ ಲಾನ್‌ಗೆ ನುಗ್ಗಿದ್ದು ನಾಟಿ ಜಾತಿ ಇರಬೇಕು.

ನಾನಾದರೆ ಮೊದಲು ಬಿಸಿಲು ನೋಡುತ್ತೇನೆ. ದಿನವಿಡೀ ಬಿಸಿಲು ಬೀಳುವ ಮುಂದಿನ ಅಂಗಳದಲ್ಲಿ ಗರಿಕೆಯ ಜೊತೆ ಜಗಳ ಆಡುವುದಕ್ಕಿಂತ ಅದನ್ನೇ ಬೆಳೆಸಿಕೊಳ್ಳುವುದು ಸುಲಭ. ಬೇಸಿಗೆ, ಬರ ಎರಡನ್ನೂ ನಗುತ್ತಾ ತಡೆಯುತ್ತೆ. ಆಗ ಲೆಕ್ಕ ಪೂರ್ತಿ ತಿರುಗುತ್ತೆ: ಎತ್ತರ ಒಂದರಿಂದ ಎರಡು ಇಂಚು, ಗೊಬ್ಬರ ಬೇಸಿಗೆಯಲ್ಲಿ. ಹಿಮ ಬಿದ್ದ ಮೇಲೆ ಕಂದಾಗಿ ಮಲಗುತ್ತೆ, ಸತ್ತಿದೆ ಅಂತ ಹೆದರಬೇಡಿ. ನೆರಳು ಇರುವ ಕಡೆ ಮಾತ್ರ ಅದು ಬಾಳಲ್ಲ, ಅಲ್ಲಿ ಫೆಸ್ಕ್ಯೂಗೇ ಜಾಗ.

ತೆಗೆಯಲೇಬೇಕು ಅಂದರೆ ಕೈಯಲ್ಲಿ ಕಿತ್ತು ಮುಗಿಯುವುದಿಲ್ಲ. ನೆಲದ ಮೇಲೂ ಒಳಗೂ ಬಳ್ಳಿ ಓಡಿಸುವ ಹುಲ್ಲು ಅದು, ತುಂಡು ಉಳಿದರೆ ಮತ್ತೆ ಬರುತ್ತೆ. ಹಸಿರಾಗಿ ಬೆಳೆಯುತ್ತಿರುವ ಬೇಸಿಗೆಯಲ್ಲೇ ಗ್ಲೈಫೋಸೇಟ್ ಅನ್ನುವ ಕಳೆನಾಶಕ ಹೊಡೆದು, ಕೆಲವು ವಾರದಲ್ಲಿ ಮತ್ತೆ ಚಿಗುರಿದಾಗ ಇನ್ನೊಮ್ಮೆ ಹೊಡೆದು, ಸೆಪ್ಟೆಂಬರ್‌ನಲ್ಲಿ ಫೆಸ್ಕ್ಯೂ ಬೀಜ ಹಾಕಬೇಕು. ಆ ಮದ್ದು ಬಿದ್ದ ಕಡೆ ಫೆಸ್ಕ್ಯೂ ಕೂಡ ಸಾಯುತ್ತೆ. ಗಣೇಶನ ಹಬ್ಬವೂ ಇದೇ ಹೊತ್ತಿಗೆ ಬರುತ್ತೆ. ಮದ್ದು ಹೊಡೆದ ಲಾನ್‌ನಿಂದ ಪೂಜೆಗೆ ಗರಿಕೆ ಕೀಳಬೇಡಿ, ಅದು ಪ್ರಸಾದದ ತಟ್ಟೆಗೂ ಮಕ್ಕಳ ಕೈಗೂ ಬರುತ್ತೆ. ಒಂದು ದೊಡ್ಡ ಕುಂಡದಲ್ಲಿ ಅತ್ತೆಗೆ ಅಂತ ಬೇರೆ ಬೆಳೆಸಿ. ನೆಲದಲ್ಲಿ ಬೇಡ, ತಪ್ಪಿಸಿಕೊಂಡು ಓಡುತ್ತೆ.

ಪ್ರಶ್ನೆ (ರಾಲೀ): ಐದು ವರ್ಷದ ಮಗ ಮೋವರ್ ಮೇಲೆ ತೊಡೆಯಲ್ಲಿ ಕೂರಬೇಕು ಅಂತ ಹಟ. ಬ್ಲೇಡ್ ಆಫ್ ಇದ್ದರೆ ಪರವಾಗಿಲ್ವಾ?

ಉತ್ತರ: ಇಲ್ಲ. ಒಂದು ಸಲ ಕೂರಿಸಿದರೆ ಮುಂದಿನ ಸಲ ಮೋವರ್ ಶಬ್ದ ಕೇಳಿದ ಕೂಡಲೇ ಓಡಿ ಬರುತ್ತಾನೆ. ನೀವು ಆಗ ಹಿಂದಕ್ಕೆ ಬರುತ್ತಿರುತ್ತೀರಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುವುದು ಇದು: ಆರು ವರ್ಷದೊಳಗಿನ ಮಕ್ಕಳು ಹುಲ್ಲು ಕತ್ತರಿಸುವಾಗ ಮನೆ ಒಳಗಿರಬೇಕು, ರೈಡಿಂಗ್ ಮೋವರ್ ಓಡಿಸಲು 16 ವರ್ಷ ಆಗಿರಬೇಕು. ರಿವರ್ಸ್ ಹಾಕಿದಾಗ ಬ್ಲೇಡ್ ನಿಲ್ಲಿಸುವ ಸ್ವಿಚ್ ಕಿರಿಕಿರಿ ಅಂತ ವೈರ್ ಕಿತ್ತು ಬೈಪಾಸ್ ಮಾಡಿಕೊಡಿ ಅಂತ ನನ್ನ ಬಳಿ ಬರುವವರಿದ್ದಾರೆ. ನಾನು ಮಾಡಿಕೊಡಲ್ಲ.

ಪ್ರಶ್ನೆ (ಅಪೆಕ್ಸ್, ಇನ್ನೊಬ್ಬರು): ಕತ್ತರಿಸಿದ ಮೇಲೆ ಹುಲ್ಲಿನ ತುದಿ ಬಿಳಿ ಬಿಳಿಯಾಗುತ್ತೆ. ಒಂದು ಪಕ್ಕ ಎತ್ತರ, ಒಂದು ಪಕ್ಕ ತಗ್ಗು.

ಉತ್ತರ: ಎರಡು ಬೇರೆ ಬೇರೆ ಕಾಯಿಲೆ. ಬಿಳಿ ತುದಿ ಅಂದರೆ ಬ್ಲೇಡ್ ಮೊಂಡಾಗಿದೆ. ಕತ್ತರಿಸುತ್ತಿಲ್ಲ, ಹರಿಯುತ್ತಿದೆ. 25 ಗಂಟೆ ಓಡಿದ ಮೇಲೆ ಸಾಣೆ ಹಿಡಿಸಿ. ಒಂದು ಎಕರೆಯವರಿಗೆ ಅದು ಸೀಸನ್‌ಗೆ ಒಂದೋ ಎರಡೋ ಸಲ. ನೀವೇ ಮಾಡುವುದಾದರೆ ಮೊದಲು ಸ್ಪಾರ್ಕ್ ಪ್ಲಗ್ ವೈರ್ ಕಳಚಿ, ಆಮೇಲೆ ಡೆಕ್ ಕೆಳಗೆ ಕೈ ಹಾಕಿ. ಸಾಣೆ ಆದ ಮೇಲೆ ಬ್ಲೇಡಿನ ನಡುತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ನೋಡಿ. ಯಾವ ಪಕ್ಕ ಬಾಗುತ್ತೋ ಆ ಪಕ್ಕ ಇನ್ನೂ ಸ್ವಲ್ಪ ಉಜ್ಜಬೇಕು. ಇಲ್ಲದಿದ್ದರೆ ಮೋವರ್ ನಡುಗಿ ಬೇರಿಂಗ್ ಹೋಗುತ್ತೆ.

ಎತ್ತರ ತಗ್ಗಿಗೆ ಮೊದಲು ಟೈರ್ ಗಾಳಿ ನೋಡಿ. ಹತ್ತರಲ್ಲಿ ಆರು ಸಲ ಅಷ್ಟೇ ಇರುತ್ತೆ, ಡೆಕ್ ಮುಟ್ಟುವುದೇ ಬೇಡ. ಗಾಳಿ ಸರಿ ಇದ್ದೂ ಓರೆ ಇದ್ದರೆ ಡೆಕ್ ಲೆವೆಲ್ ಮಾಡಿ: ಎಡಬಲ ಸಮ, ಮುಂದಿನ ತುದಿ ಹಿಂದಿಗಿಂತ ಕಾಲು ಇಂಚಿನಷ್ಟು ತಗ್ಗು. ಸರಿಯಾದ ಅಳತೆ ಮ್ಯಾನುಯಲ್‌ನಲ್ಲಿ ಇರುತ್ತೆ.

ಪ್ರಶ್ನೆ (ಕ್ಯಾರಿ): ಕತ್ತರಿಸಿದ ಹುಲ್ಲು ಬ್ಯಾಗ್‌ನಲ್ಲಿ ಹಿಡಿದು ಎಸೆಯಬೇಕಾ?

ಉತ್ತರ: ಬೇಡ. ಲಾನ್‌ಗೆ ವರ್ಷಕ್ಕೆ ಬೇಕಾದ ನೈಟ್ರೋಜನ್‌ನಲ್ಲಿ ಕಾಲು ಭಾಗದಷ್ಟು ಅದರಿಂದಲೇ ಸಿಗುತ್ತೆ. ಉಂಡೆ ಉಂಡೆಯಾಗಿ ಬಿದ್ದಿದ್ದರೆ ಮಾತ್ರ ಹರಡಿ. ರಸ್ತೆಗೆ ಊದಬೇಡಿ, ಚರಂಡಿಯಿಂದ ಸೀದಾ ಹೊಳೆಗೆ ಹೋಗುತ್ತೆ.

ಪ್ರಶ್ನೆ (ವೇಕ್ ಫಾರೆಸ್ಟ್): ಪಕ್ಕದ ಮನೆಯವರ ಹಳೇ ಮೋವರ್ ಮಾರ್ಚ್‌ನಲ್ಲಿ ಸ್ಟಾರ್ಟ್ ಆಗದೆ ನಮಗೆ ಕಡಿಮೆಗೆ ಕೊಡ್ತೀನಿ ಅಂತಿದ್ದಾರೆ. ತಗೊಳ್ಳಬಹುದಾ?

ಉತ್ತರ: ಕೀ ತಿರುಗಿಸಿದಾಗ ಏನು ಕೇಳುತ್ತೆ ನೋಡಿ. ಏನೂ ಶಬ್ದ ಇಲ್ಲ ಅಂದರೆ ಬ್ರೇಕ್ ಪೂರ್ತಿ ಒತ್ತಿದೆಯಾ, ಬ್ಲೇಡ್ ಸ್ವಿಚ್ ಆಫ್ ಇದೆಯಾ ನೋಡಿ, ಆಮೇಲೆ ಬ್ಯಾಟರಿ, ಫ್ಯೂಸ್. ಟಿಕ್ ಅಂತ ಒಂದೇ ಶಬ್ದ ಬಂದರೆ ಬ್ಯಾಟರಿ ಇಳಿದಿದೆ, ಇಲ್ಲ ಟರ್ಮಿನಲ್‌ಗೆ ಕಿಲುಬು ಹಿಡಿದಿದೆ, ಇಲ್ಲ ಸ್ಟಾರ್ಟರ್‌ಗೆ ಕರೆಂಟ್ ಕೊಡುವ ಸೊಲೆನಾಯ್ಡ್ ಹೋಗಿದೆ. ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳಲ್ಲ ಅಂದರೆ ಚಳಿಗಾಲವಿಡೀ ಟ್ಯಾಂಕಿನಲ್ಲಿ ಕೂತ ಹಳೇ ಪೆಟ್ರೋಲ್, ಅಂಟು ಕಟ್ಟಿದ ಕಾರ್ಬ್ಯುರೇಟರ್. ಇವೆಲ್ಲ ಸಣ್ಣ ಖರ್ಚು. ಆಯಿಲ್ ಕಡ್ಡಿ ತೆಗೆದು ಮೂಸಿ, ಪೆಟ್ರೋಲ್ ವಾಸನೆ ಬಂದರೆ ರಿಪೇರಿ ಲೆಕ್ಕ ಹಾಕಿ ಚೌಕಾಶಿ ಮಾಡಿ. ಡೆಕ್ ಕೆಳಗೆ ತುಕ್ಕು ಹಿಡಿದು ತೂತಾಗಿದ್ದರೆ, ಇಲ್ಲವೇ ಟ್ರಾನ್ಸ್‌ಮಿಶನ್ ಬಿಸಿಯಾದ ಮೇಲೆ ದಿಬ್ಬ ಹತ್ತದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ತಗೊಂಡರೆ 10% ಎಥನಾಲ್ ದಾಟದ ಪೆಟ್ರೋಲ್ ಹಾಕಿ. ಪಂಪಿನಲ್ಲಿ ಕಡಿಮೆ ಬೆಲೆಗೆ ಸಿಗುವ 15% ಎಥನಾಲ್‌ನದು ಈ ಎಂಜಿನ್‌ಗಳಿಗೆ ಅಲ್ಲ. ಡಿಸೆಂಬರ್‌ನಲ್ಲಿ ಒಳಗೆ ನಿಲ್ಲಿಸುವ ಮುಂಚೆ ಪೆಟ್ರೋಲ್ ಕೆಡದ ಹಾಗೆ ಸ್ಟೆಬಿಲೈಝರ್ ಹಾಕಿ ಐದು ಹತ್ತು ನಿಮಿಷ ಓಡಿಸಿ, ಬ್ಯಾಟರಿಯನ್ನು ನಿಧಾನವಾಗಿ ಚಾರ್ಜ್ ಮಾಡುವ ಟ್ರಿಕಲ್ ಚಾರ್ಜರ್‌ಗೆ ಹಾಕಿಡಿ. ಕೊಳದ ಇಳಿಜಾರಿನ ಅಳತೆ ಎಷ್ಟು ಬಂತು, ಇಲ್ಲೇ ಬರೆಯಿರಿ. ಅದನ್ನು ನೋಡಿ ಈ ಮೋವರ್ ನಿಮ್ಮ ಜಾಗಕ್ಕೆ ಆಗುತ್ತಾ ಹೇಳುತ್ತೇನೆ.