ಮರಾಠಿ ಸೊಸೆಗೆ ಮೊದಲು ಯಾವ ಕನ್ನಡ ಸಿನಿಮಾ?

ಕೇಳಿದವರು, ಮುಂಬಯಿ ಬಳಿಯ ಡೊಂಬಿವಲಿ: ನಮ್ಮದು ಕಾರ್ಕಳ ಮೂಲದ ಕುಟುಂಬ. ಮಗ ಇಲ್ಲೇ ಹುಟ್ಟಿ ಬೆಳೆದವನು. ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಸೊಸೆ ಮರಾಠಿಯವಳು, ಆದರೆ ಕನ್ನಡ ಕಲಿಯುವ ಹುರುಪು ಮಗನಿಗಿಂತ ಅವಳಿಗೇ ಹೆಚ್ಚು. ಭಾನುವಾರ ಮನೆಮಂದಿಯೆಲ್ಲ ಕುಳಿತು ನೋಡುವಂತಹ ಇತ್ತೀಚಿನ ಸಿನಿಮಾ, ಧಾರಾವಾಹಿ ತಿಳಿಸಿ. ಹೊಡೆದಾಟ ಕಡಿಮೆ ಇರಲಿ.

ಮಾಟುಂಗಾದಿಂದ: ಎಲ್ಲರೂ ‘ಕಾಂತಾರ’ ಎನ್ನುತ್ತಾರೆ. ಸೊಸೆ ಅದನ್ನು ಈಗಾಗಲೇ ಹಿಂದಿಯಲ್ಲಿ ನೋಡಿರುತ್ತಾಳೆ, ಅದೇ ತೊಂದರೆ. 2022ರ ಸೆಪ್ಟೆಂಬರ್ ಕೊನೆಗೆ ಕನ್ನಡದಲ್ಲಿ ಬಂದ ಚಿತ್ರ ಎರಡೇ ವಾರದಲ್ಲಿ ಹಿಂದಿಗೂ ಬಂತು. ದೈವದ ಕೂಗಿಗೆ ಡಬ್ಬಿಂಗ್ ಬೇಕಿಲ್ಲ, ಅದು ಯಾರನ್ನೂ ನಡುಗಿಸುತ್ತದೆ. ಆದರೆ ಕಟ್ಟೆಯ ಮೇಲೆ ಕುಳಿತವರ ಹರಟೆ, ಬೈಗುಳ, ರಿಷಬ್ ಶೆಟ್ಟಿಯ ಶಿವ ತಾಯಿಯ ಮುಂದೆ ಬಾಲ ಮುದುರಿಕೊಳ್ಳುವ ಪರಿ, ಇವೆಲ್ಲ ಹಿಂದಿಯಲ್ಲಿ ಸಪ್ಪೆ. ಕನ್ನಡದಲ್ಲೇ ಮತ್ತೊಮ್ಮೆ ತೋರಿಸಿ, ಆದರೆ ಮೊದಲಿಗಲ್ಲ.

ನನ್ನ ಮೊದಲ ಆಯ್ಕೆ ‘ಸು ಫ್ರಮ್ ಸೋ’. 2025ರ ಜುಲೈನಲ್ಲಿ ಬಂದದ್ದು, ಜೆ.ಪಿ. ತುಮಿನಾಡು ನಿರ್ದೇಶನ. ಹುಡುಗನೊಬ್ಬ ಮಾಡಿಕೊಂಡ ಎಡವಟ್ಟಿನಿಂದ ಪಾರಾಗಲು ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ. ಊರಿಗೆ ಊರೇ ನಂಬುತ್ತದೆ. ಅಷ್ಟೇ ಕಥೆ. ಊರಿನ ಯಾವ ತಕರಾರಿಗೂ ಮುಂದಾಗಿ ನಿಲ್ಲುವ, ಮದುವೆಯಾಗದೆ ಉಳಿದ ರವಿಯಣ್ಣನ ಪಾತ್ರದಲ್ಲಿ ಶನೀಲ್ ಗೌತಮ್ ಇದ್ದಾರಲ್ಲ, ಅಂತಹ ಒಬ್ಬರು ನಿಮ್ಮ ಬಳಗದಲ್ಲೂ ಇದ್ದೇ ಇರುತ್ತಾರೆ. ಮದುವೆಗೆ ಬಂದು ಠಿಕಾಣಿ ಹೂಡುವ ಬಾವನಂತೂ ಯಾವ ಭಾಷೆಯವರಿಗೂ ಗೊತ್ತಿರುವ ಗಿರಾಕಿ. ನಮ್ಮ ಮನೆಯಲ್ಲಿ ನಗು ಮುಗಿಯುವಷ್ಟರಲ್ಲಿ ಮುಂದಿನ ಮಾತು ತಪ್ಪಿಹೋಗಿ, ಎರಡು ಸಲ ಹಿಂದಕ್ಕೆ ಹಾಕಬೇಕಾಯಿತು. ಕೊನೆಯ ಅರ್ಧ ಗಂಟೆ ಸ್ವಲ್ಪ ಗಂಭೀರವಾಗುತ್ತದೆ. ನನಗೆ ಅದು ತುಸು ಅವಸರದ ತಿರುವು ಎನ್ನಿಸಿತು.

‘ಸಪ್ತ ಸಾಗರದಾಚೆ ಎಲ್ಲೋ’ ಈಗ ಬೇಡ. ಚರಣ್ ರಾಜ್ ಸಂಗೀತ, ರುಕ್ಮಿಣಿ ವಸಂತ್ ಅಭಿನಯ ಎಲ್ಲ ಸರಿ, ಆದರೆ ಮನಸ್ಸು ಭಾರವಾಗಿಸುವ ಪ್ರೇಮಕಥೆ, ಭಾನುವಾರದ ಊಟ ಮುಗಿಸಿ ನೋಡುವ ಚಿತ್ರವಲ್ಲ. ನೋಡಲೇಬೇಕೆಂದರೆ ಮೊದಲ ಭಾಗಕ್ಕೆ ನಿಲ್ಲಿಸಿ. ಎರಡನೆಯದು ಇಲ್ಲದಿದ್ದರೂ ಏನೂ ಕೊರತೆಯಾಗುತ್ತಿರಲಿಲ್ಲ.

ಪುಣೆಯಿಂದ, ಮೂಲ ಧಾರವಾಡ: ಕನ್ನಡ ಎಂದರೆ ಕರಾವಳಿ ಮತ್ತು ಬೆಂಗಳೂರು ಎರಡೇ ಎಂದು ಸೊಸೆ ತಿಳಿದುಕೊಳ್ಳುವ ಮೊದಲು ‘ಶಿವಮ್ಮ’ ತೋರಿಸಿ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ತೆಗೆದದ್ದು, ನಟಿಸಿದವರು ಬಹುಪಾಲು ಊರಿನವರೇ. ಬುಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದಿದೆ ಎಂದರೆ ಜನ ಹೆದರಿ ಓಡುತ್ತಾರೆ, ಅದಕ್ಕೇ ನಾನು ಮನೆಯಲ್ಲಿ ಹೇಳಲಿಲ್ಲ. ನೆಟ್‌ವರ್ಕ್ ಮಾರ್ಕೆಟಿಂಗ್ ಬಲೆಗೆ ಬಿದ್ದ ಹಳ್ಳಿಯ ಹೆಣ್ಣುಮಗಳು ಶಕ್ತಿ ತುಂಬುವ ಪುಡಿ ಮಾರುತ್ತ ಮನೆ ಮನೆ ಅಲೆಯುತ್ತಾಳೆ. ಎಷ್ಟು ಜನ ಬೈದರೂ ಆಕೆಯ ಹಟ ಇಳಿಯುವುದಿಲ್ಲ. ನಮ್ಮ ಅತ್ತಿಗೆ ಪಾತ್ರೆ ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದು ಕುಳಿತರು, ಕೊನೆಯವರೆಗೆ ಏಳಲಿಲ್ಲ. ಅವರಿಗೂ ಅಂತಹ ಡಬ್ಬಿ ಮಾರಲು ಬಂದವರಿದ್ದರು.

ಥಾಣೆಯಿಂದ, ಹೋಟೆಲ್ ಉದ್ಯಮಿ: ರಂಗಾಯಣ ರಘು ಅವರ ‘ಶಾಖಾಹಾರಿ’ಯನ್ನು ಯಾರೂ ಹೇಳಲಿಲ್ಲವೇ? 2024ರದ್ದು. ಮಲೆನಾಡಿನಲ್ಲಿ ಸಣ್ಣ ಸಸ್ಯಾಹಾರಿ ಹೋಟೆಲ್ ನಡೆಸುವ ಸುಬ್ಬಣ್ಣನ ಅಡುಗೆಮನೆಗೆ ಪೊಲೀಸರಿಂದ ತಪ್ಪಿಸಿಕೊಂಡವನೊಬ್ಬ ಬಂದು ಸೇರುತ್ತಾನೆ. ಹೆಸರು ನೋಡಿ ಮೋಸಹೋಗಬೇಡಿ, ಮುಂದೆ ರಕ್ತವಿದೆ. ನೀವು ಕೇಳಿದ್ದಕ್ಕೆ ಹೊಂದುವುದಿಲ್ಲ ಎಂದು ಗೊತ್ತಿದ್ದೂ ಹೇಳುತ್ತಿದ್ದೇನೆ. ಮೂವತ್ತು ವರ್ಷಕ್ಕೂ ಮೀರಿ ಗಲ್ಲೆಯ ಹಿಂದೆ ಕುಳಿತವನಿಗೆ ಆ ಮುಖದ ದಣಿವು ನಟನೆ ಎನ್ನಿಸಲಿಲ್ಲ. ಮಕ್ಕಳಿದ್ದರೆ ‘ಡೇರ್‌ಡೆವಿಲ್ ಮುಸ್ತಾಫಾ’ ಹಾಕಿ. ತೇಜಸ್ವಿಯವರ ಕಥೆ, ಅವರ ಓದುಗರೇ ಹಣ ಹೂಡಿ ಮಾಡಿದ್ದು.

ವಾಸ್ಕೋದಿಂದ: ಧಾರಾವಾಹಿಯ ವಿಷಯ ಯಾರೂ ಮುಟ್ಟುತ್ತಿಲ್ಲ, ನಾಚಿಕೆಯೇನೋ! ನಾನು ರಾಜಾರೋಷವಾಗಿ ನೋಡುವವಳು. ‘ಅಮೃತಧಾರೆ’ ಶುರುಮಾಡಿ. ಹಿಂದಿಯ ‘ಬಡೇ ಅಚ್ಛೇ ಲಗ್ತೇ ಹೈ’ಯನ್ನು ಆಧರಿಸಿದ್ದರಿಂದ ಅದನ್ನು ನೋಡಿದವರಿಗೆ ಕಥೆಯ ಹಿಡಿತ ಬೇಗ ಸಿಗುತ್ತದೆ, ಕಿವಿ ಮಾತಿನ ಕಡೆಗೆ ಹೋಗುತ್ತದೆ. ವಯಸ್ಸು ಮೀರಿ ಮದುವೆಯಾದ ಗೌತಮ್ ಮತ್ತು ಭೂಮಿಕಾ ಊಟದ ಮೇಜಿನ ಮುಂದೆ ಮುನಿಸಿಕೊಳ್ಳುವಾಗ ರಾಜೇಶ್ ನಟರಂಗ, ಛಾಯಾ ಸಿಂಗ್ ಇಬ್ಬರೂ ಸೊಗಸು. ಮನೆಯೊಳಗಿನ ಪಿತೂರಿ ಆರಂಭವಾದಾಗ ನಾನು ಎದ್ದು ಚಹಾ ಇಡುತ್ತೇನೆ. ಹಾಲು ಉಕ್ಕುವಷ್ಟರಲ್ಲಿ ವಾಪಸಾದರೆ ಏನೂ ನಷ್ಟವಾಗಿರುವುದಿಲ್ಲ. ಪ್ರತಿದಿನ ಕೂರಲು ಆಗದವರಿಗೆ ‘ಅಯ್ಯನ ಮನೆ’ ಇದೆ, ಆರೇ ಕಂತು. ಹೊಸ ಸೊಸೆ ಕಾಲಿಟ್ಟ ಮನೆಯಲ್ಲಿ ಸಾವಿನ ಗುಟ್ಟು. ನಿಮ್ಮ ಸೊಸೆಯ ಜೊತೆ ನೋಡುವಾಗ ಸ್ವಲ್ಪ ಜೋಪಾನ!

ಮೀರಾ ರೋಡ್‌ನಿಂದ: ‘ಮಿಥ್ಯ’ವನ್ನು ಮಗನಿಗೆ ತೋರಿಸಿ. ತಂದೆ ತಾಯಿಯನ್ನು ಕಳೆದುಕೊಂಡ ಹುಡುಗ ಮುಂಬಯಿಯಿಂದ ಉಡುಪಿಯ ಚಿಕ್ಕಮ್ಮನ ಮನೆಗೆ ಹೋಗಿ ಸೇರುತ್ತಾನೆ. ನಿರ್ದೇಶಕ ಸುಮಂತ್ ಭಟ್ ಎಲ್ಲೂ ಅಳಿಸಲು ಹೊರಟಿಲ್ಲ. ಇಲ್ಲಿ ಬೆಳೆದು ರಜೆಗೆ ಮಾತ್ರ ಊರು ಕಂಡವರಿಗೆ ಆ ಹುಡುಗನ ಪರಕೀಯತೆ ಬೇಗ ತಟ್ಟುತ್ತದೆ.

ಇನ್ನೊಂದು ಮಾತು, ಚಿತ್ರಮಂದಿರಕ್ಕೆ ಹೋಗುವುದಾದರೆ ಮುಂದೂಡಬೇಡಿ. ಕನ್ನಡ ಚಿತ್ರಕ್ಕೆ ಇಲ್ಲಿ ಸಿಗುವುದು ಬೆರಳೆಣಿಕೆಯ ಪ್ರದರ್ಶನ, ಅದೂ ಕಚೇರಿಯ ಹೊತ್ತಿಗೆ. ಮುಂದಿನ ಶುಕ್ರವಾರ ಅದೂ ಇರುವುದಿಲ್ಲ. ಇಂಗ್ಲಿಷ್ ಅಡಿಬರಹ ಇದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಮತ್ತೆ ಮಾಟುಂಗಾದವರೇ, ‘ಸಪ್ತ ಸಾಗರ’ದ ಎರಡನೇ ಭಾಗ ಬೇಡವೆಂದಿರಲ್ಲ, ಜೈಲಿನಿಂದ ಹೊರಬಂದ ನಾಯಕ ಮನು ಏನಾದ ಎಂಬ ಕುತೂಹಲವೂ ನಿಮಗಿಲ್ಲವೇ?

ಮಾಟುಂಗಾದಿಂದ: ಇಲ್ಲ.