ಮರಳುಗಲ್ಲಿನ ಜಿಯೋಕೆಮಿಕಲ್ ಲಾಗ್: ಜೇಡಿ ಖನಿಜ ಎರಡು ಪಟ್ಟು ಬರುತ್ತಿದೆ, ಯಾಕೆ?

ಪೆರ್ಲ:
ನಮಸ್ಕಾರ. ಮರಳುಗಲ್ಲಿನ ಬಾವಿಯೊಂದರ ಸ್ಪೆಕ್ಟ್ರೋಸ್ಕೋಪಿ ಲಾಗ್ (ಆಳದುದ್ದಕ್ಕೂ ಕಲ್ಲಿನ ಧಾತುಗಳ ಅಳತೆ) ಇದೆ. ಒಣ ತೂಕದಲ್ಲಿ ಸಿಲಿಕಾನ್, ಅಲ್ಯೂಮಿನಿಯಂ, ಕಬ್ಬಿಣ, ಕ್ಯಾಲ್ಸಿಯಂ, ಗಂಧಕ, ಪೊಟ್ಯಾಸಿಯಂ, ಟೈಟಾನಿಯಂ ಸಿಕ್ಕಿವೆ. ಇವುಗಳಿಂದ ಒಂಬತ್ತು ಖನಿಜಗಳ ಪ್ರಮಾಣ ಬಿಡಿಸಲು ಹೋದರೆ ಆಲ್ಬೈಟ್ (ಸೋಡಿಯಂ ಫೆಲ್ಡ್‌ಸ್ಪಾರ್) ಮೈನಸ್ ಬರುತ್ತದೆ. ಒಟ್ಟು ಜೇಡಿ ಖನಿಜವೂ ಕೋರ್‌ನ (ಬಾವಿಯಿಂದ ತೆಗೆದ ಕಲ್ಲಿನ ಮಾದರಿಯ) ಎಕ್ಸ್‌ಆರ್‌ಡಿ (ಎಕ್ಸ್-ಕಿರಣದಿಂದ ಖನಿಜ ಗುರುತಿಸುವ ಪರೀಕ್ಷೆ) ಕೊಟ್ಟದ್ದರ ಎರಡು ಪಟ್ಟು. ಅಲ್ಯೂಮಿನಿಯಂ 3.5%, ಪೊಟ್ಯಾಸಿಯಂ 1.4% ಇರುವ ಆಳದಲ್ಲಿ ಇಲೈಟ್ (ಪೊಟ್ಯಾಸಿಯಂ ಇರುವ ಜೇಡಿ ಖನಿಜ) ಒಂದೇ 23%!

ಕುಂಬಳೆ:
ಏಳು ಧಾತು, ಮೇಲೆ ‘ಒಟ್ಟು 100’ ಎಂಬ ಒಂದು ಸಮೀಕರಣ. ಎಂಟರಿಂದ ಒಂಬತ್ತನ್ನು ಬಿಡಿಸಲು ಆಗುವುದಿಲ್ಲ ಮಾರಾಯ್ರೇ. ಮೈನಸ್ ಕಂಡಲ್ಲಿ ಸೊನ್ನೆ ತುಂಬಬೇಡಿ, ಆ ತಪ್ಪು ಬೇರೆ ಖನಿಜಗಳಲ್ಲಿ ಹೋಗಿ ಕೂರುತ್ತದೆ. ಪಟ್ಟಿಯನ್ನೇ ಚಿಕ್ಕದು ಮಾಡಿ.

ಮುಖ್ಯ ತೊಡಕು, ಪೊಟ್ಯಾಸಿಯಂ ಯಾವ ಖನಿಜದ್ದು ಎಂಬುದು. ಪೂರ್ತಿ ಪೊಟ್ಯಾಶ್ ಫೆಲ್ಡ್‌ಸ್ಪಾರಿನದ್ದು ಎಂದುಕೊಳ್ಳಿ: 1.4 ÷ 14.05 (ಆ ಫೆಲ್ಡ್‌ಸ್ಪಾರಿನಲ್ಲಿರುವ ಪೊಟ್ಯಾಸಿಯಂ ಶೇಕಡಾ), ಅಂದರೆ ಫೆಲ್ಡ್‌ಸ್ಪಾರ್ 10%. ಅದು 0.97 ಅಲ್ಯೂಮಿನಿಯಂ ತಿನ್ನುತ್ತದೆ, ಉಳಿದ 2.53ನ್ನು ಕೆಯೋಲಿನೈಟಿನ (ಪೊಟ್ಯಾಸಿಯಂ ಇಲ್ಲದ ಜೇಡಿ ಖನಿಜ) ಅಲ್ಯೂಮಿನಿಯಂ ಶೇಕಡಾ 20.9ರಿಂದ ಭಾಗಿಸಿದರೆ ಕೆಯೋಲಿನೈಟ್ 12%. ಪೂರ್ತಿ ಇಲೈಟಿನದ್ದು ಎಂದರೆ (ಪೊಟ್ಯಾಸಿಯಂ 6%, ಅಲ್ಯೂಮಿನಿಯಂ 13% ಇರುವ ಇಲೈಟ್ ಹಿಡಿದರೆ) ಇಲೈಟ್ 23%, ಕೆಯೋಲಿನೈಟ್ ಬರೇ 2%. ಲಾಗ್ ಅದೇ, ಜೇಡಿ ಮಾತ್ರ 12% ಇದ್ದದ್ದು 25%. ಈ ಎರಡು ಲೆಕ್ಕಗಳ ನಡುವೆ ಸಿಲಿಕಾನ್ ಬದಲಾಗುವುದು ಸುಮಾರು 1% ಅಷ್ಟೇ. ಅದನ್ನು ನಂಬಿ ತೀರ್ಮಾನಿಸುವ ಹಾಗಿಲ್ಲ. ಕೋರಿನ ತೆಳುಛೇದ (ಸೂಕ್ಷ್ಮದರ್ಶಕದಡಿ ನೋಡುವ ಕಲ್ಲಿನ ತೆಳು ಹೋಳು) ನೋಡಲೇಬೇಕು. ನಮ್ಮ ಮುರಕಲ್ಲಿನ (ಲ್ಯಾಟರೈಟ್) ಅಡಿಯ ಶೇಡಿ ಮಣ್ಣಾದರೆ (ಮೆತ್ತನೆ ಜೇಡಿ) ಪೊಟ್ಯಾಸಿಯಂ ಹೆಚ್ಚಿನಂಶ ತೊಳೆದುಹೋಗಿರುತ್ತದೆ, ಆಳದ ಮರಳುಗಲ್ಲಿನಲ್ಲಿ ಆ ಅನುಕೂಲ ಇಲ್ಲ.

ಹೊಸೂರು:
ಅದಕ್ಕೂ ಮೊದಲು ಡ್ರಿಲ್ಲಿಂಗ್ ಮಡ್ (ಕೊರೆಯುವಾಗ ಬಾವಿಗೆ ಹಾಕುವ ದ್ರವ) ಯಾವುದೆಂದು ನೋಡಿ ಸರ್. ಪೊಟ್ಯಾಸಿಯಂ ಕ್ಲೋರೈಡ್ ಮಡ್ ಆಗಿದ್ದರೆ ಅದರ ಪೊಟ್ಯಾಸಿಯಂ ಕೂಡ ಲಾಗಿಗೆ ಸೇರುತ್ತದೆ. ಕ್ಯಾಲಿಪರ್‌ನಲ್ಲಿ (ಬಾವಿಯ ಅಗಲ ಅಳೆಯುವ ಲಾಗ್) ಬಾವಿ ಅಗಲವಾಗಿರುವ ಕಡೆ ಇನ್ನೂ ಜಾಸ್ತಿ. ತಿದ್ದುಪಡಿ ಆಗದಿದ್ದರೆ ಇಲೈಟ್ ಏರದೆ ಇನ್ನೇನು?

ಗಂಧಕವನ್ನು ಮೊದಲು ಪೈರೈಟಿಗೆ (ಕಬ್ಬಿಣ-ಗಂಧಕದ ಖನಿಜ) ಕೊಡಿ: 0.5% ಗಂಧಕಕ್ಕೆ ಪೈರೈಟ್ 0.94%, ಅದರಲ್ಲಿ ಕಬ್ಬಿಣ 0.44%. ಅದನ್ನು ಕಳೆದ ಮೇಲಷ್ಟೇ ಸಿಡೆರೈಟ್, ಕ್ಲೋರೈಟ್ (ಕಬ್ಬಿಣ ಇರುವ ಬೇರೆ ಖನಿಜಗಳು) ಲೆಕ್ಕ. ಆನ್‌ಹೈಡ್ರೈಟ್ (ಗಂಧಕವಿರುವ ಕ್ಯಾಲ್ಸಿಯಂ ಖನಿಜ) ಇರುವ ಪದರದಲ್ಲಿ ಈ ಕ್ರಮ ನಡೆಯದು.

ಪೆರ್ಲ:
ಮಡ್ ಪೊಟ್ಯಾಸಿಯಂ ಕ್ಲೋರೈಡಿನದ್ದೇ, ತಿದ್ದುಪಡಿ ಮಾಡಿಲ್ಲ. ಆಲ್ಬೈಟನ್ನು ಪಟ್ಟಿಯಿಂದ ತೆಗೆದುಬಿಡಲೇ?

ಕುಂಬಳೆ:
ಸುಮ್ಮನೆ ತೆಗೆದರೆ ಅದರ ಅಲ್ಯೂಮಿನಿಯಂ ಕೆಯೋಲಿನೈಟ್ ಆಗಿ ಕಾಣುತ್ತದೆ. 10% ಆಲ್ಬೈಟಿನಿಂದ ಸುಮಾರು 5% ಸುಳ್ಳು ಕೆಯೋಲಿನೈಟ್. ಸೋಡಿಯಂ ಅಳತೆ ಇಲ್ಲದ್ದರಿಂದ, ಕೋರಿನಲ್ಲಿ ಆಲ್ಬೈಟಿಗೂ ಪೊಟ್ಯಾಶ್ ಫೆಲ್ಡ್‌ಸ್ಪಾರಿಗೂ ಇರುವ ಅನುಪಾತವನ್ನು ಪದರವಾರು ಕಟ್ಟಿಹಾಕಿ. ಎಕ್ಸ್‌ಆರ್‌ಡಿ ಇಡೀ ಕಲ್ಲಿನದ್ದೋ, 2 ಮೈಕ್ರಾನ್‌ಗಿಂತ ಸಣ್ಣ ಕಣಗಳದ್ದು ಮಾತ್ರವೋ ಕೇಳಿಕೊಳ್ಳಿ. ಗಾಮಾ ಲಾಗಿಗೆ (ಕಲ್ಲಿನ ಸಹಜ ವಿಕಿರಣದ ಅಳತೆ) ಕೋರಿನ ಆಳ ಹೊಂದಿಸಿ, ಅರ್ಧ ಮೀಟರಿನೊಳಗಿನ ಹಲವು ಮಾದರಿಗಳ ಸರಾಸರಿ ತೆಗೆದೇ ಹೋಲಿಸಿ.